ಗೃಹ ನಿರ್ಮಾಣ ಸಾಲ ಮತ್ತು ಸಹಾಯಧನ: ಸ್ಥಳ ತನಿಖೆಯಲ್ಲಿ ಕಾಮಗಾರಿಯ ಹಂತವನ್ನು ತಿಳಿಸುವ ಕ್ರಮ

ಗ್ರಾಮೀಣ ವಸತಿ ಯೋಜನೆಯ ಸಹಾಯಧನವಾಗಲಿ, ಬ್ಯಾಂಕಿನ ಗೃಹ ನಿರ್ಮಾಣ ಸಾಲವಾಗಲಿ ಒಂದೇ ಗಂಟಿನಲ್ಲಿ ಕೈಸೇರುವುದಿಲ್ಲ. ಗೋಡೆ ಎದ್ದಂತೆ ಕಂತು ಬಿಡುಗಡೆಯಾಗುತ್ತದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡಿಯಲ್ಲಿ ಅಡುಗೆಯ ಸ್ಥಳವೂ ಸೇರಿದಂತೆ ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣದ ಮನೆಗೆ ಬಯಲು ಪ್ರದೇಶದಲ್ಲಿ ನಿಗದಿಯಾಗಿರುವ ಘಟಕ ಸಹಾಯಧನ 1,20,000 ರೂಪಾಯಿ. ಇಷ್ಟರಲ್ಲೇ ಮನೆ ಮುಗಿಸುವುದು ಕಷ್ಟವಾದುದರಿಂದ ಅನೇಕ ಕುಟುಂಬಗಳು ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಸಾಲವನ್ನೂ ಪಡೆಯುತ್ತವೆ. ಆಗ ಒಂದೇ ಗೋಡೆಯನ್ನು ಇಬ್ಬರು ಬಂದು ನೋಡುತ್ತಾರೆ: ಪಂಚಾಯತಿಯ ಸಿಬ್ಬಂದಿ ಮತ್ತು ಸಾಲ ಕೊಟ್ಟ ಸಂಸ್ಥೆಯ ಎಂಜಿನಿಯರ್. ಇಬ್ಬರ ದಾಖಲೆಗಳೂ ತಾಳೆಯಾಗದಿದ್ದಲ್ಲಿ ಕಂತು ತಡೆಹಿಡಿಯಲ್ಪಡುತ್ತದೆ. ಕೂಲಿ ಸಿಗದ ಮೇಸ್ತ್ರಿ ಬೇರೆ ಮನೆಯ ಕೆಲಸಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಮುಂಗಾರು ಬಂದರೆ ಛಾವಣಿಯಿಲ್ಲದ ಗೋಡೆ ಮಳೆಯಲ್ಲಿ ನೆನೆಯುತ್ತದೆ.

ರಾಜ್ಯದ ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳನ್ನು ಗುರುತಿಸಲಾಗುತ್ತದೆ. ಹಂತವೆಂದರೆ ಆರಂಭವಾದ ಕೆಲಸವಲ್ಲ, ಮುಗಿದ ಕೆಲಸ. ಗುಂಡಿ ತೋಡಿ ಸೈಜುಗಲ್ಲು ಇಳಿಸಿದ ಮಾತ್ರಕ್ಕೆ ತಳಪಾಯವಾಗಲಿಲ್ಲ. ಕಟ್ಟಡದ ಪಾಯ ನೆಲದಿಂದ ಮೇಲೆದ್ದು ಗೋಡೆ ಕಟ್ಟಲು ಸಿದ್ಧವಾಗಿರಬೇಕು. ಗೋಡೆ ಅರ್ಧ ಎದ್ದಿರುವ ಮನೆ ಪಂಚಾಯತಿಯ ಲೆಕ್ಕದಲ್ಲಿ ಇನ್ನೂ ತಳಪಾಯದ ಹಂತದ್ದೇ. ಅದೇ ಮನೆಯನ್ನು ಬ್ಯಾಂಕಿನ ಎಂಜಿನಿಯರ್ ಶೇಕಡಾವಾರು ಅಳೆದು ಅರ್ಧ ಗೋಡೆಗೂ ಬೆಲೆ ಕಟ್ಟಬಹುದು. ಎರಡೂ ತಪ್ಪಲ್ಲ, ಅಳತೆಗೋಲು ಬೇರೆ. ಆದುದರಿಂದ ಫಲಾನುಭವಿಯು ಇಬ್ಬರ ಮುಂದೆಯೂ ಹಂತದ ಹೆಸರನ್ನಾಗಲಿ ಶೇಕಡಾ ಅಂಕಿಯನ್ನಾಗಲಿ ಹೇಳುವುದಕ್ಕಿಂತ, ಕಂಡ ಕೆಲಸವನ್ನು ಅಳತೆಸಹಿತ ಹೇಳುವುದು ಲೇಸು: ‘ಪಾಯ ಮುಗಿದಿದೆ, ನಾಲ್ಕೂ ಗೋಡೆ ಪಾಯದ ಮೇಲೆ ನಾಲ್ಕು ಅಡಿ ಎದ್ದಿವೆ, ಬಾಗಿಲ ಚೌಕಟ್ಟು ನಿಲ್ಲಿಸಲಾಗಿದೆ.’

ಖರ್ಚಾದ ಹಣ ಮತ್ತು ಆದ ಕೆಲಸ ಎರಡೂ ಒಂದೇ ಎಂಬ ಭಾವನೆಯಿಂದಲೇ ಹೆಚ್ಚಿನ ತಕರಾರು ಹುಟ್ಟುತ್ತದೆ. ಸ್ಥಳದಲ್ಲಿ ಪೇರಿಸಿಟ್ಟ ಸಿಮೆಂಟು, ಕಬ್ಬಿಣ, ಇಟ್ಟಿಗೆಗೆ ದುಡ್ಡು ಹೋಗಿರುವುದು ನಿಜ. ಆದರೆ ತನಿಖಾಧಿಕಾರಿ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಕಟ್ಟಡದಲ್ಲಿ ಸೇರಿಹೋದುದನ್ನು ಮಾತ್ರ. ಎರೆಮಣ್ಣಿನ ಪ್ರದೇಶಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ನೀರುಂಡರೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಆ ನೆಲದಲ್ಲಿ ಪಾಯವನ್ನು ಆಳಕ್ಕೆ ಒಯ್ಯಬೇಕಾಗುತ್ತದೆ. ಕೆಂಪುಮಣ್ಣಿನ ಊರಿನಲ್ಲಿ ಗೋಡೆಗೆ ಹೋಗುವ ಹಣ ಅಲ್ಲಿ ನೆಲದೊಳಗೇ ಮುಗಿಯುತ್ತದೆ. ಮಣ್ಣು ಮುಚ್ಚಿದ ಮೇಲೆ ಬಂದವರಿಗೆ ಕಾಣುವುದು ಒಂದೂವರೆ ಅಡಿ ಪಾಯವಷ್ಟೆ. ಇಂಥ ನೆಲದಲ್ಲಿ ಕಟ್ಟುವವರು ಗುಂಡಿ ತೆರೆದಿರುವಾಗಲೇ ಅಳತೆಪಟ್ಟಿ ಇಳಿಬಿಟ್ಟು ಭಾವಚಿತ್ರ ತೆಗೆದಿಡತಕ್ಕದ್ದು. ಸಾಧ್ಯವಿದ್ದಲ್ಲಿ ಮುಚ್ಚುವ ಮುನ್ನವೇ ತನಿಖೆಗೆ ಕೋರತಕ್ಕದ್ದು. ಮುಚ್ಚಿದ ಪಾಯದ ಆಳವನ್ನು ಆ ಮೇಲೆ ಬಾಯಿಮಾತಿನಲ್ಲಿ ರುಜುವಾತು ಮಾಡುವುದು ದುಸ್ತರ.

ಆಗದ ಕೆಲಸವನ್ನು ಆಗಿದೆಯೆಂದು ಬರೆಸುವ ಒತ್ತಾಯ ಬರುವುದೂ ಉಂಟು. ‘ಮುಂದಿನ ವಾರ ಹೇಗೂ ಲಿಂಟಲ್ ಆಗುತ್ತದೆ, ಈಗಲೇ ಹಾಕಿಬಿಡಿ’ ಎಂಬ ಮಾತು ಸಹಾನುಭೂತಿಯಿಂದಲೇ ಬಂದರೂ ಅದರ ಹೊರೆ ಬೀಳುವುದು ಕುಟುಂಬದ ಮೇಲೆ. ಸಾಲದ ಹಣಕ್ಕೆ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಮುಂಗಡವಾಗಿ ಬಂದ ಹಣ ಮದುವೆಗೋ ಬಿತ್ತನೆಗೋ ಕರಗಿದರೆ, ದಾಖಲೆಯಲ್ಲಿ ಲಿಂಟಲ್ ಮುಗಿದಿರುವ ಮನೆಗೆ ಲಿಂಟಲ್ ಹಾಕಲು ಮತ್ತೆ ಹಣ ಕೇಳುವ ದಾರಿಯೇ ಇರುವುದಿಲ್ಲ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಮನೆಗಳು ಮಂಜೂರಾತಿಯ ದಿನದಿಂದ 12 ತಿಂಗಳೊಳಗೆ ಮುಗಿಯಬೇಕೆಂಬ ನಿಯಮವಿರುವುದರಿಂದ, ಹೀಗೆ ನಿಂತುಹೋದ ಮನೆಗೆ ಕಾಲಾವಕಾಶವೂ ಕಡಿಮೆಯಾಗುತ್ತಾ ಹೋಗುತ್ತದೆ.

ಛಾವಣಿಯ ಹಂತದಲ್ಲಿ ಅವಸರ ಇನ್ನೂ ಅಪಾಯಕಾರಿ. ಸ್ಲ್ಯಾಬ್ ಚೆನ್ನಾಗಿ ಕಾಣಲೆಂದು ತನಿಖೆಯ ಹಿಂದಿನ ದಿನವೇ ಸೆಂಟ್ರಿಂಗ್ ಬಿಚ್ಚುವುದು ಎಳ್ಳಷ್ಟೂ ಸಲ್ಲದು. ಭಾರತೀಯ ಮಾನಕ 456ರ (2000) ಪ್ರಕಾರ, ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ, 4.5 ಮೀಟರ್‌ವರೆಗಿನ ಅಂಕಣದ ಸ್ಲ್ಯಾಬಿಗೆ ಆಸರೆ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕೂ ಅಗಲವಾದುದಕ್ಕೆ 14 ದಿನ ಉಳಿಸಬೇಕು. ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟ್ ಆದಲ್ಲಿ 10 ದಿನ ನೀರುಣಿಸಬೇಕು. ಮಿಶ್ರ ಸಿಮೆಂಟಿನಲ್ಲಿ ಕಂಬ ತೆಗೆಯುವುದನ್ನೂ ಎಂಜಿನಿಯರರನ್ನು ಕೇಳಿಯೇ ನಿರ್ಧರಿಸಬೇಕು. ಕಂಬಗಳು ನಿಂತಿರುವಾಗಲೇ ತನಿಖೆ ನಡೆದರೆ, ಕಾಂಕ್ರೀಟ್ ಹಾಕಿದ ದಿನಾಂಕವನ್ನು ತಿಳಿಸಿ ‘ಸೆಂಟ್ರಿಂಗ್ ಬಿಚ್ಚಿಲ್ಲ’ ಎಂದು ದಾಖಲಿಸಲು ಕೇಳಿಕೊಳ್ಳುವುದೇ ಸರಿಯಾದ ಕ್ರಮ.

ಭಾವಚಿತ್ರದೊಡನೆ ಸ್ಥಳದ ಅಕ್ಷಾಂಶ–ರೇಖಾಂಶಗಳೂ ದಾಖಲಾಗುವುದರಿಂದ, ಮರದ ದಟ್ಟ ನೆರಳಿನಲ್ಲಾಗಲಿ ಸ್ಲ್ಯಾಬಿನ ಅಡಿಯಲ್ಲಾಗಲಿ ನಿಂತು ತೆಗೆಯಬಾರದು. ಅಲ್ಲಿ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ ಸ್ಥಳ ತಪ್ಪಾಗಿ ದಾಖಲಾಗುವ ಸಂಭವವಿದೆ. ಪ್ರತಿ ಹಂತದಲ್ಲೂ ಒಂದೇ ಮೂಲೆಯಿಂದ, ಪಕ್ಕದ ಮನೆ, ವಿದ್ಯುತ್ ಕಂಬ ಮುಂತಾದ ಸ್ಥಿರವಾದ ಒಂದು ಗುರುತು ಕಾಣುವಂತೆ ತೆಗೆದರೆ ನಾಲ್ಕೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ತನಿಖೆಯ ದಿನ ಮನೆಯ ಯಜಮಾನರು ಊರಿನಲ್ಲಿಲ್ಲದಿದ್ದರೆ, ಕೆಲಸದ ವಿವರ ಬಲ್ಲ ಮನೆಯವರೊಬ್ಬರು ಹಾಜರಿರಲಿ; ಮೇಸ್ತ್ರಿಯೊಬ್ಬನನ್ನೇ ನಿಲ್ಲಿಸುವುದು ತರವಲ್ಲ. ಮಂಜೂರಾತಿ ಆದೇಶ, ಸಾಲದ ಪತ್ರ, ಹಿಂದಿನ ಕಂತು ಜಮೆಯಾದ ಪಾಸ್ ಪುಸ್ತಕ ಕೈಯಲ್ಲಿರಲಿ. ಬರೆದ ಹಂತವನ್ನು ಅಲ್ಲೇ ಓದಿಸಿ ಕೇಳಬೇಕು. ಕಡಿಮೆ ಬರೆದಿದ್ದಾರೆಂದು ತೋರಿದರೆ ಆ ಸ್ಥಳದಲ್ಲೇ ಅಳತೆ ತೋರಿಸಿ ತಿದ್ದುಪಡಿ ಕೋರಬಹುದು. ಒಪ್ಪದಿದ್ದಲ್ಲಿ, ದಿನಾಂಕವಿರುವ ಭಾವಚಿತ್ರಗಳನ್ನು ಲಗತ್ತಿಸಿ, ಸಹಾಯಧನದ ವಿಷಯವಾದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೂ ಸಾಲದ ವಿಷಯವಾದರೆ ಶಾಖಾ ವ್ಯವಸ್ಥಾಪಕರಿಗೂ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.