ಟಿಪ್ಪಣಿ ಸುಟ್ಟಿತು, ಊರು ಉಳಿಯಿತು

1970ರ ಏಪ್ರಿಲ್. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಬೂದಿ!

ಅವೆಲ್ಲ ಮೈಸೂರು ಬಳಿಯ ಹಳ್ಳಿಯೊಂದರ ವಿವರಗಳು. ತಮ್ಮ ಬರಹಗಳಲ್ಲಿ ಅವರು ಅದಕ್ಕಿಟ್ಟ ಹೆಸರು ರಾಂಪುರ. 1948ರಲ್ಲಿ ಅಲ್ಲಿ, ಪಟೇಲರ ಎತ್ತು ಕಟ್ಟುವ ಮನೆಯಲ್ಲೇ ಬಿಡಾರ ಹೂಡಿದ್ದರು.

ಶಾಸ್ತ್ರದ ಪ್ರಕಾರ ಬ್ರಾಹ್ಮಣರು ಮೇಲೆ. ಆದರೆ ಊರಲ್ಲಿ ನಡೆಯುತ್ತಿದ್ದದ್ದು ಯಾರ ಮಾತು? ಒಕ್ಕಲಿಗರದು. ಗದ್ದೆ ಹೆಚ್ಚು ಅವರದೇ, ಜನಬಲವೂ ಅವರದೇ. ಬೇರೆ ಜಾತಿಯವರ ಜಗಳಗಳೂ ಅವರ ಹಿರಿಯರ ಮುಂದೆಯೇ ತೀರ್ಮಾನ. ಇಂಥ ಜಾತಿಯನ್ನು ಶ್ರೀನಿವಾಸ್ ‘ಪ್ರಬಲ ಜಾತಿ’ ಎಂದರು. ಚುನಾವಣೆ ಟಿಕೆಟ್ ಹಂಚಿಕೆಯ ಚರ್ಚೆ ಇವತ್ತಿಗೂ ಇದನ್ನು ಬಿಟ್ಟು ನಡೆಯದು.

ಬೆಂಕಿಯ ನಂತರ ಅವರು ಕೈಚೆಲ್ಲಲಿಲ್ಲ. ನೆನಪನ್ನೇ ನೆಚ್ಚಿ ಬರೆದರು. 1976ರಲ್ಲಿ ಬಂತು ‘ದಿ ರಿಮೆಂಬರ್ಡ್ ವಿಲೇಜ್’. ಸಿಕ್ಕರೆ ಓದಿ, ಪಟೇಲರ ಗತ್ತೇ ಒಂದು ಕಾದಂಬರಿಯಷ್ಟಿದೆ.