ಕಬ್ಬಿನ ಗರಿ ತಾಗಿದ ಕಣ್ಣಲ್ಲಿ ಹುಣ್ಣೇಕೆ?

ಕಲ್ಲೋಳಿ: ಘಟಪ್ರಭಾ ನದಿಯ ನೀರುಂಡ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನ ಕಟಾವು ಆರಂಭವಾಯಿತೆಂದರೆ ಸಾವಿರಾರು ಕಣ್ಣುಗಳು ಗರಿಯ ಅಂಚಿಗೆ ಒಡ್ಡಿಕೊಂಡವೆಂದೇ ಅರ್ಥ. ಕಬ್ಬಿನ ಎಲೆಯ ಅಂಚು ಗರಗಸದಂತಿರುತ್ತದೆ. ಆಳೆತ್ತರಕ್ಕೂ ಮೀರಿ ಬೆಳೆದ ಫಡದೊಳಗೆ ಬಗ್ಗಿ ಕೊಯ್ಯುವವನ ಮುಖಕ್ಕೆ ಅದು ಸವರಿಕೊಂಡು ಹೋಗುವುದು ದಿನನಿತ್ಯದ ಸಂಗತಿ. ಕೈಗೆ ತಾಗಿದರೆ ಗೀರು, ಎರಡು ದಿನದಲ್ಲಿ ಮಾಯುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲೆ ತಾಗಿದರೆ ಕೆಲವರಲ್ಲಿ ಅದು ಹುಣ್ಣಾಗಿ, ಕೊನೆಗೆ ಹಳ್ಳಿಯ ಮಾತಿನಲ್ಲಿ ಹೇಳುವ ಹಾಗೆ ‘ಕಣ್ಣಿಗೆ ಹೂ ಬಿದ್ದು’ ದೃಷ್ಟಿಯೇ ಹೋಗುತ್ತದೆ.

ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪೊರೆಯೇ ಕಾರ್ನಿಯಾ. ಇದರ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಬೆಳಕು ತಡೆಯಿಲ್ಲದೆ ಒಳಹೋಗಬೇಕಾದ್ದರಿಂದ ಇದರಲ್ಲಿ ರಕ್ತನಾಳಗಳಿಲ್ಲ. ಈ ಅನುಕೂಲವೇ ಸೋಂಕಿನ ಕಾಲದಲ್ಲಿ ಅನನುಕೂಲವಾಗುತ್ತದೆ. ಚರ್ಮದ ಗಾಯಕ್ಕೆ ರಕ್ತದ ಮೂಲಕ ಬೇಗನೆ ಬಂದು ಸೇರುವ ರಕ್ಷಣೆ ಇಲ್ಲಿಗೆ ನಿಧಾನವಾಗಿ ತಲುಪುತ್ತದೆ. ಕಣ್ಣಿನ ನಿಜವಾದ ಕೋಟೆಯೆಂದರೆ ಕಾರ್ನಿಯಾದ ಹೊರಪದರ, ಅದನ್ನು ತೊಳೆಯುವ ಕಣ್ಣೀರು ಮತ್ತು ರೆಪ್ಪೆಯ ಬಡಿತ. ಹೊರಪದರ ಅಖಂಡವಾಗಿದ್ದರೆ ಹೆಚ್ಚಿನ ಸೂಕ್ಷ್ಮಾಣುಗಳಿಗೆ ಒಳಗೆ ಪ್ರವೇಶವಿಲ್ಲ. ಗೀರು ಬಿದ್ದರೆ ಬಾಗಿಲು ತೆರೆದಂತೆ.

ಗರಿಯ ಗಾಯದಲ್ಲಿ ವಿಶೇಷವೇನೆಂದರೆ, ಬಾಗಿಲು ತೆರೆಯುವ ವಸ್ತುವೇ ಅತಿಥಿಯನ್ನೂ ಹೊತ್ತು ತರುತ್ತದೆ. ಒಣ ರವದಿ, ಗೋವಿನಜೋಳದ ಸೊಪ್ಪು, ರಾಶಿ ಮಾಡುವಾಗ ಹಾರುವ ಹೊಟ್ಟು, ಮಣ್ಣಿನ ಧೂಳು, ದನದ ಬಾಲದ ಹೊಡೆತ ಇವೆಲ್ಲವುಗಳ ಜೊತೆ ಶಿಲೀಂಧ್ರದ ಬೀಜಾಣುಗಳಿರುತ್ತವೆ. ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಎಂಬ ಎರಡು ಜಾತಿಗಳು ನಮ್ಮ ದೇಶದಲ್ಲಿ ಮುಖ್ಯ ಅಪರಾಧಿಗಳು. ಫ್ಯುಸೇರಿಯಂ ಬೆಳೆಗಳಿಗೆ ಸೊರಗು ರೋಗ ತರುವ ಕುಲಕ್ಕೇ ಸೇರಿದ್ದು ಎಂಬುದನ್ನು ರೈತರು ಗಮನಿಸಬಹುದು.

ದಕ್ಷಿಣ ಭಾರತದಲ್ಲಿ ಈ ರೋಗದ ಬಗ್ಗೆ ಬಹಳ ಉಲ್ಲೇಖವಾಗುವ ಅಧ್ಯಯನ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯದು. 1994ರ ಮೊದಲ ಮೂರು ತಿಂಗಳಲ್ಲಿ ಬಂದ 434 ರೋಗಿಗಳನ್ನು ಅಲ್ಲಿ ಪರಿಶೀಲಿಸಲಾಯಿತು. ಸುಮಾರು ಮೂರನೇ ಎರಡರಷ್ಟು ಮಂದಿಗೆ ಮೊದಲು ಕಣ್ಣಿಗೆ ಪೆಟ್ಟಾಗಿತ್ತು. ಸೂಕ್ಷ್ಮಾಣು ಪತ್ತೆಯಾದ ಪ್ರಕರಣಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರದ ಪಾಲು ಹೆಚ್ಚುಕಡಿಮೆ ಸಮಸಮ, ತಲಾ ಶೇ 47ರ ಆಸುಪಾಸು. ಅದೇ ಜಿಲ್ಲೆಯ ಮತ್ತೊಂದು ಲೆಕ್ಕಾಚಾರದ ಪ್ರಕಾರ ಲಕ್ಷ ಜನರಲ್ಲಿ ವರ್ಷಕ್ಕೆ 113 ಮಂದಿಗೆ ಈ ಹುಣ್ಣು ಬರುತ್ತಿತ್ತು. ಅಮೆರಿಕದ ಒಂದು ಕೌಂಟಿಯಲ್ಲಿ ದೊರೆತ ಪ್ರಮಾಣದ ಹತ್ತುಪಟ್ಟು ಇದು. ಬೇಸಾಯದ ನಾಡಿನ ರೋಗ ಎಂದು ಕರೆಯಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ತಡವೇ ದೊಡ್ಡ ಕಾರಣ

ಬ್ಯಾಕ್ಟೀರಿಯಾದ ಹುಣ್ಣು ಒಂದೆರಡು ದಿನದಲ್ಲೇ ಕೀವು, ತೀವ್ರ ನೋವಿನೊಂದಿಗೆ ಆರ್ಭಟಿಸುತ್ತದೆ. ಶಿಲೀಂಧ್ರದ್ದು ಹಾಗಲ್ಲ. ಮೊದಲ ದಿನಗಳಲ್ಲಿ ಕಸ ಬಿದ್ದಂತೆ ಚುಚ್ಚುವಿಕೆ, ಸ್ವಲ್ಪ ಕೆಂಪು, ಬೆಳಕು ನೋಡಿದರೆ ನೀರು ಸುರಿಯುವುದು, ಅಷ್ಟೇ. ಆದ್ದರಿಂದ ‘ತಾನೇ ಹೋಗುತ್ತದೆ’ ಎಂದು ಕಾಯುವವರೇ ಹೆಚ್ಚು. ವಿಜಯಪುರದ ಕಡೆಯಿಂದ, ಮಹಾರಾಷ್ಟ್ರದ ಬೀಡ್‌ನಂಥ ಜಿಲ್ಲೆಗಳಿಂದ ಮುಂಗಡ ಪಡೆದು ಬಂದ ಗ್ಯಾಂಗಿನ ಕೂಲಿಕಾರರಿಗಂತೂ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ದುಡಿಮೆ ಹೋಯಿತು.

ಕಾಯುವ ದಿನಗಳಲ್ಲಿ ಕಣ್ಣು ಸುಮ್ಮನಿರುವುದಿಲ್ಲ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬೀಳುತ್ತವೆ. ಕೆಲವೆಡೆ ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವ ರೂಢಿಯೂ ಇದೆ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ತೆರೆದ ಗಾಯದ ಮೇಲೆ ಸವರಿದಂತೆ ಅದು.

ಇದಕ್ಕಿಂತ ಅಪಾಯಕಾರಿಯಾದುದು ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಸ್ಟೀರಾಯ್ಡ್ ಬೆರೆತ ಹನಿ. ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ರೋಗಿಗೆ ನೆಮ್ಮದಿಯಾಗುತ್ತದೆ. ಆದರೆ ಸ್ಟೀರಾಯ್ಡ್ ತಣಿಸುವುದು ದೇಹದ ಪ್ರತಿರೋಧವನ್ನು, ಸೋಂಕನ್ನಲ್ಲ. ಕಾವಲುಗಾರ ಮಲಗಿದ ಮನೆಯಲ್ಲಿ ಶಿಲೀಂಧ್ರ ಆಳಕ್ಕೆ ಬೇರುಬಿಡುತ್ತದೆ. ನಾಟಿ ಔಷಧವನ್ನು ಬೈಯುವಷ್ಟೇ ಗಟ್ಟಿಯಾಗಿ ಈ ಅಂಗಡಿ ವೈದ್ಯವನ್ನೂ ಬೈಯಬೇಕಾಗಿದೆ.

ಗಾಯವಿಲ್ಲದೆಯೂ ಹುಣ್ಣಾಗುವ ಕಣ್ಣುಗಳಿವೆ. ಮಧುಮೇಹಿಗಳು, ಮುಖದ ಪಾರ್ಶ್ವವಾಯುವಿನಿಂದ ರೆಪ್ಪೆ ಮುಚ್ಚದವರು, ಕಣ್ಣೀರಿನ ಚೀಲದಲ್ಲಿ ಹಳೆಯ ಕೀವಿರುವವರು, ಎ ಜೀವಸತ್ವದ ಕೊರತೆಯ ಮಕ್ಕಳು ಈ ಸಾಲಿನಲ್ಲಿ ಬರುತ್ತಾರೆ. ಹರ್ಪಿಸ್ ವೈರಾಣು ಒಮ್ಮೆ ಬಂದು ಅಡಗಿ ಮತ್ತೆ ಮತ್ತೆ ಮರುಕಳಿಸುವುದುಂಟು.

ನಗರವಾಸಿಗಳು ಇದು ಹೊಲದವರ ಪಾಡೆಂದು ಭಾವಿಸಬೇಕಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಧರಿಸಿಯೇ ಮಲಗುವುದು, ಅದನ್ನು ನಲ್ಲಿ ನೀರಿನಲ್ಲಿ ತೊಳೆಯುವುದು, ಧರಿಸಿಕೊಂಡೇ ಈಜುವುದು ಇವು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಕ್ಕೂ ಅಕಾಂತಮೀಬಾ ಎಂಬ ಏಕಕೋಶಜೀವಿಗೂ ಆಹ್ವಾನ. 2005–06ರಲ್ಲಿ ಸಿಂಗಪುರ, ಅಮೆರಿಕಗಳಲ್ಲಿ ಲೆನ್ಸ್ ತೊಳೆಯುವ ದ್ರಾವಣವೊಂದರ ಬಳಕೆದಾರರಲ್ಲಿ ಇದೇ ಫ್ಯುಸೇರಿಯಂ ಕಾಣಿಸಿಕೊಂಡು, ಆ ದ್ರಾವಣವನ್ನು ಮಾರುಕಟ್ಟೆಯಿಂದಲೇ ಹಿಂತೆಗೆಯಬೇಕಾಯಿತು.

ಪರೀಕ್ಷೆ ಸರಳ, ಚಿಕಿತ್ಸೆ ದೀರ್ಘ

ಹುಣ್ಣಿನ ಅಂಚಿನಿಂದ ಚೂರು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಬಹುಪಾಲು ಸಂದರ್ಭಗಳಲ್ಲಿ ಕೆಲವೇ ನಿಮಿಷಗಳಲ್ಲಿ ಕಾಣುತ್ತವೆ. ದುಬಾರಿ ಯಂತ್ರ ಬೇಕಿಲ್ಲ. ನೋಡಲು ತರಬೇತಾದ ಕಣ್ಣು ಬೇಕು. ಬ್ಯಾಕ್ಟೀರಿಯಾಕ್ಕೆ ಪ್ರತಿಜೈವಿಕ ಹನಿ, ಶಿಲೀಂಧ್ರಕ್ಕೆ ನಾಟಮೈಸಿನ್. ಹೊಸದಾದ ವೊರಿಕೊನಜೋಲ್‌ಗಿಂತ ಹಳೆಯ ನಾಟಮೈಸಿನ್ನೇ ಮೇಲು, ಅದರಲ್ಲೂ ಫ್ಯುಸೇರಿಯಂ ವಿಷಯದಲ್ಲಿ, ಎಂದು 2013ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಆರಂಭದಲ್ಲಿ ಗಂಟೆಗೊಮ್ಮೆ, ಆಮೇಲೆ ವಾರಗಟ್ಟಲೆ ಹನಿ ಹಾಕುತ್ತಿರಬೇಕು. ಕೆಂಪು ಇಳಿಯಿತೆಂದು ನಡುವೆ ಬಿಟ್ಟರೆ ಮೊದಲಿಗೆ ಬಂದಂತಾಗುತ್ತದೆ.

ಮಾಯ್ದರೂ ಬಿಳಿಯ ಕಲೆ ಉಳಿಯುತ್ತದೆ. ಅದು ಪಾಪೆಯ ನೇರಕ್ಕಿದ್ದರೆ ದೃಷ್ಟಿ ಮರಳಲು ಕಾರ್ನಿಯಾ ಕಸಿಯೇ ಗತಿ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ರಾಜಕುಮಾರ್ ಅವರ ನೇತ್ರದಾನದ ಬಳಿಕ ರಾಜ್ಯದಲ್ಲಿ ದಾನದ ಅರಿವು ಹೆಚ್ಚಿದೆ, ನಿಜ. ಆದರೆ ಸೋಂಕು ಸುಡುತ್ತಿರುವ ಕಣ್ಣಿಗೆ ಹಾಕಿದ ಕಸಿ ಶಾಂತವಾದ ಕಣ್ಣಿನಲ್ಲಿ ನಿಂತಷ್ಟು ಚೆನ್ನಾಗಿ ನಿಲ್ಲುವುದಿಲ್ಲ. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ವರ್ಷದೊಳಗಿನವರ ಅಂಧತ್ವಕ್ಕೆ ಕಾರ್ನಿಯಾದ ಕಲೆಯೇ ಮೊದಲ ಕಾರಣವಾಗಿ ಕಂಡುಬಂದಿತು. ದುಡಿಯುವ ವಯಸ್ಸಿನ ನಷ್ಟವಿದು.

ತಡೆಗೆ ದಾರಿಯಿಲ್ಲವೇ? ನೇಪಾಳದ ಭಕ್ತಪುರದಲ್ಲಿ ಗೀರುಬಿದ್ದ 442 ಮಂದಿಗೆ ಗ್ರಾಮದ ಕಾರ್ಯಕರ್ತರೇ ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚಿಸಿದರು. 424 ಮಂದಿಗೆ ಸೋಂಕಿಲ್ಲದೆ ಮಾಯ್ದಿತು, 18 ಗಂಟೆಯೊಳಗೆ ಹಚ್ಚಿಸಿಕೊಂಡ ಯಾರಿಗೂ ಹುಣ್ಣಾಗಲಿಲ್ಲ ಎಂದು 2001ರ ವರದಿ ಹೇಳುತ್ತದೆ. ನೇಪಾಳದಲ್ಲಿಯೇ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮಾತ್ರ, ಕಾರ್ಯಕರ್ತರಿದ್ದ ಊರುಗಳಿಗೂ ಇಲ್ಲದ ಊರುಗಳಿಗೂ ಹುಣ್ಣಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಲಾಮೊಂದನ್ನೇ ನೆಚ್ಚುವಂತಿಲ್ಲ. ಗರಿ ತಾಗಿದ ಕಣ್ಣನ್ನು ಉಜ್ಜದೆ, ಶುದ್ಧ ನೀರಿನಲ್ಲಿ ತೊಳೆದು, ಅದೇ ದಿನ ಅಥವಾ ಮರುದಿನ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ತೋರಿಸಬೇಕು. ಫಡಕ್ಕೆ ಇಳಿಯುವವರು ಪ್ಲಾಸ್ಟಿಕ್ ಕನ್ನಡಕ ಹಾಕಿದರೆ ಗೀರು ಬೀಳುವುದೇ ತಪ್ಪುತ್ತದೆ. ಬೆವರಿಗೆ ಅದು ಮಂಜಾಗುತ್ತದೆಂಬ ದೂರು ಸುಳ್ಳಲ್ಲ. ಪಕ್ಕಗಳಲ್ಲಿ ಗಾಳಿಕಂಡಿ ಇರುವ ಬಗೆ ಇದಕ್ಕೆ ಒಗ್ಗುತ್ತದೆ.