ಎದೆಯಲ್ಲಿ ಕೀವು ಕಟ್ಟಿದಾಗ

ನ್ಯುಮೋನಿಯಾಕ್ಕೆ ಔಷಧ ಶುರುವಾಗಿ ಎರಡು ಮೂರು ದಿನವಾದರೂ ಜ್ವರ ಬಿಡುತ್ತಿಲ್ಲ, ಉಸಿರೆಳೆದರೆ ಪಕ್ಕೆ ಚುಚ್ಚುತ್ತದೆ ಎಂದರೆ ವೈದ್ಯರಿಗೆ ಒಂದು ಅನುಮಾನ ಬರಲೇಬೇಕು. ಶ್ವಾಸಕೋಶವನ್ನು ಸುತ್ತಿದ ಎರಡು ತೆಳು ಪೊರೆಗಳ ನಡುವೆ ನೀರು ಸೇರಿ, ಅದಕ್ಕೆ ಸೋಂಕು ತಗುಲಿರಬಹುದು. ಆ ನೀರು ಕೀವಾದರೆ ಅದೇ ಎಂಪೈಮಾ.

ಆಂಟಿಬಯೋಟಿಕ್ ಬೇಕೇ ಬೇಕು, ವಾರಗಟ್ಟಲೆ ಬೇಕು. ಆದರೆ ಕಟ್ಟಿಕೊಂಡ ಕೀವನ್ನು ಹೊರಗೆ ತೆಗೆಯದೆ ಅದೊಂದೇ ಸಾಲುವುದು ಅಪರೂಪ. ಗ್ರೀಸಿನ ಹಿಪೊಕ್ರಟಿಸ್ ಕಾಲದಲ್ಲೇ ಪಕ್ಕೆಲುಬುಗಳ ನಡುವೆ ಕೊಯ್ದು ಕೀವು ಬಸಿಯುತ್ತಿದ್ದರು. ಯಾವಾಗ, ಹೇಗೆ ಬಸಿಯಬೇಕೆಂಬುದು ಮಾತ್ರ ಬಹಳ ತಡವಾಗಿ, ಅನೇಕ ಜೀವಗಳ ಬೆಲೆ ತೆತ್ತ ಮೇಲೆ ತಿಳಿಯಿತು.

1918ರಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ಈ ಕಾಯಿಲೆಗೆ ತುತ್ತಾದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಎವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರಿದ್ದ ಆಯೋಗ ಕಾರಣ ಹುಡುಕಿತು. ಕೀವು ಇನ್ನೂ ತೆಳುವಾಗಿರುವಾಗಲೇ ಎದೆ ತೆರೆದರೆ ಹೊರಗಿನ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತದೆ. ಮೊದಲು ಸೂಜಿಯಿಂದ ಎಳೆಯಿರಿ, ಗಾಳಿ ಒಳಸೇರದಂತೆ ಬಸಿಯಿರಿ ಎಂದು ಆಯೋಗ ಹೇಳಿತು. ಸಾವು ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಆಗಿನ್ನೂ ಪೆನಿಸಿಲಿನ್ ಬಂದೇ ಇರಲಿಲ್ಲ!

ಇಂದು ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿ ನೀರು ತೆಗೆದು ಪರೀಕ್ಷಿಸುತ್ತಾರೆ. ಕೀವು ಕಂಡರೆ, ಅಥವಾ ನೀರಿನ ಪಿಎಚ್ 7.2ಕ್ಕಿಂತ ಕಡಿಮೆಯಿದ್ದರೆ, ಸಾಮಾನ್ಯವಾಗಿ ಎದೆಗೆ ಕೊಳವೆ ಇಡುತ್ತಾರೆ. ಕೊಳವೆಯ ಇನ್ನೊಂದು ತುದಿ ಬಾಟಲಿಯ ನೀರಿನೊಳಗೆ ಮುಳುಗಿರುವುದರಿಂದ ಗಾಳಿ ಹಿಂದಕ್ಕೆ ಹೋಗದು.

ತಡವಾದಷ್ಟೂ ಕೀವಿನ ನಡುವೆ ಜೇನುಗೂಡಿನಂತೆ ಗೋಡೆಗಳೇಳುತ್ತವೆ. ಕೊಳವೆ ಇದ್ದೂ ಕೀವು ಇಳಿಯದು. ಗೋಡೆ ಕರಗಿಸಲು ಬಳಸುತ್ತಿದ್ದ ಸ್ಟ್ರೆಪ್ಟೊಕೈನೇಸ್‌ನಿಂದ ಲಾಭವಿಲ್ಲವೆಂದು 2005ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಹೇಳಿತು. 2011ರಲ್ಲಿ ಆಕ್ಸ್‌ಫರ್ಡಿನ ನಜೀಬ್ ರೆಹಮಾನ್ ಮತ್ತು ಸಂಗಡಿಗರು 210 ರೋಗಿಗಳಲ್ಲಿ ಟಿಪಿಎ ಮತ್ತು ಡಿಎನ್‌ಏಸ್ ಎಂಬ ಎರಡು ಔಷಧಗಳನ್ನು ಪರೀಕ್ಷಿಸಿದರು. ಮೊದಲನೆಯದು ಗೋಡೆಗಳನ್ನು ಒಡೆಯುತ್ತದೆ, ಎರಡನೆಯದು ಕೀವಿನ ಅಂಟು ತೆಳುಮಾಡುತ್ತದೆ. ಒಂಟಿಯಾಗಿ ಎರಡೂ ಸೋತವು. ಒಟ್ಟಿಗೆ ಕೊಟ್ಟಾಗ ಶಸ್ತ್ರಚಿಕಿತ್ಸೆಗೆ ಹೋಗಬೇಕಾದವರ ಪ್ರಮಾಣ ಶೇ. 16ರಿಂದ 4ಕ್ಕೆ ಇಳಿಯಿತು. ಬೆಲೆ ಹೆಚ್ಚು, ರಕ್ತಸ್ರಾವದ ಭಯವೂ ಇದೆ.

ಇದೂ ಫಲಿಸದಿದ್ದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಎದೆ ತೊಳೆಯುತ್ತಾರೆ. ತೀರಾ ತಡವಾಗಿ ಶ್ವಾಸಕೋಶದ ಮೇಲೆ ದಪ್ಪ ಸಿಪ್ಪೆ ಕಟ್ಟಿದ್ದರೆ ಅದನ್ನು ಸುಲಿದು ತೆಗೆಯುವುದು ದೊಡ್ಡ ಶಸ್ತ್ರಚಿಕಿತ್ಸೆ.

ನಮ್ಮಲ್ಲಿ ಕ್ಷಯದಿಂದಲೂ ಹೀಗಾಗುವುದುಂಟು. ಆದ್ದರಿಂದ ತೆಗೆದ ನೀರನ್ನು ಕ್ಷಯದ ಪರೀಕ್ಷೆಗೂ ಕಳಿಸಿದ್ದಾರೆಯೇ ಎಂದು ಮನೆಯವರು ಕೇಳಲಿ. ಕ್ಷಯವೆಂದಾದರೆ ಅದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ.